ಸಾಲ ಮನ್ನಾ ಆಯಿತು, ಗಣಿ ಉಳಿಯಿತು

'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆ ಕನ್ನಡ ನಾಡಿನಲ್ಲಿ ಮನೆಮಾತು. ರಾಷ್ಟ್ರ ರಾಷ್ಟ್ರಗಳ ನಡುವಿನ ಲೇವಾದೇವಿಗೆ ಮಾತ್ರ ಈ ಗಾದೆ ಅನ್ವಯಿಸುವುದಿಲ್ಲ. ಅಲ್ಲಿ ಕೊಟ್ಟವನೇ ಈರಭದ್ರ. ಇಸಕೊಂಡ ದೇಶ ತನ್ನ ಬಜೆಟ್ಟಿನ ಕಾಗದವನ್ನು ಕೊಟ್ಟವನ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಅವನು ಹೇಳಿದ ಉದ್ದಿಮೆಯನ್ನು ಮಾರಬೇಕು. ಅವನು ಬೇಡವೆಂದ ಸಬ್ಸಿಡಿಯನ್ನು ನಿಲ್ಲಿಸಬೇಕು. ಇದಕ್ಕೆ 'ನೆರವು' ಎಂಬ ಹೆಸರಿದೆ. ಆ ನೆರವಿನ ಭಾರ ತಾಳಲಾಗದೆ ದೇಶ ಕುಸಿದಾಗ ಬರುವ ಎರಡನೆಯ ಉಪಕಾರದ ಹೆಸರು 'ಸಾಲ ಮನ್ನಾ'. ಎರಡೂ ಪದಗಳು ಕಿವಿಗೆ ಇಂಪಾಗಿವೆ. ಇವು ಬಡ ರಾಷ್ಟ್ರಗಳ ನೆಲದ ಮೇಲೆ, ಹೊಳೆಗಳ ಮೇಲೆ ಏನನ್ನು ಬರೆದುಹೋಗುತ್ತವೆ ಎಂಬುದು ಬೇರೆಯೇ ಪ್ರಶ್ನೆ.

ಈ ವ್ಯವಹಾರದ ಮರ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ತಿಳಿಯದ್ದೇನಲ್ಲ. ಮಂಡಿಯ ಸಾಹುಕಾರ ಮಳೆಗಾಲದ ಖರ್ಚಿಗೆ, ಮದುವೆ ಮುಂಜಿಗೆ ಮುಂಗಡ ಕೊಡುತ್ತಿದ್ದ ಕಾಲವೊಂದಿತ್ತು. ಫಸಲು ಕೈಗೆ ಬಂದಾಗ ಅಡಿಕೆ ಅವನ ಮಂಡಿಗೇ ಹೋಗಬೇಕು, ಅವನು ಹೇಳಿದ ದರಕ್ಕೇ ಬಿಡಬೇಕು. ಬೆಳೆಗಾರನನ್ನು ಮುಳುಗಿಸುತ್ತಿದ್ದುದು ಬಡ್ಡಿಯೊಂದೇ ಅಲ್ಲ. ತನ್ನ ಬೆಳೆಗೆ ತಾನು ದರ ಕೇಳುವ ಹಕ್ಕು ಕಳೆದುಹೋದದ್ದು. ಸಾಹುಕಾರ ಒಂದು ವರ್ಷ ದೊಡ್ಡ ಮನಸ್ಸು ಮಾಡಿ ಬಾಕಿಯನ್ನು ಹೊಡೆದುಹಾಕಿದನೆಂದೇ ಇಟ್ಟುಕೊಳ್ಳೋಣ. ಮರುವರ್ಷವೂ ಅಡಿಕೆ ಅದೇ ಮಂಡಿಗೆ, ಅದೇ ದರಕ್ಕೆ ಹೋದರೆ ಹೊಸ ಬಾಕಿ ಹುಟ್ಟಲು ಎಷ್ಟು ದಿನ ಬೇಕು? ಬೆಳೆಗಾರರ ಸಹಕಾರ ಸಂಘಗಳು ಹುಟ್ಟಿ, ದರದ ಮಾತು ಅವರ ಕೈಗೆ ಬಂದ ಮೇಲಷ್ಟೇ ಈ ಹಗ್ಗ ಸಡಿಲಾದದ್ದು.

ಈ ಮರ್ಮವನ್ನು ಒಂದು ಇಡೀ ದೇಶದ ಚರಿತ್ರೆಯಲ್ಲಿ ಕಾಣಬೇಕಾದರೆ ಆಫ್ರಿಕಾ ಖಂಡದ ಜಾಂಬಿಯಾವನ್ನು ನೋಡಬೇಕು. ಸಾಲ, ಷರತ್ತು, ಮನ್ನಾ, ಮತ್ತೆ ಸಾಲ, ದಿವಾಳಿ, ಮತ್ತೆ ಮನ್ನಾ. ಈ ಎಲ್ಲ ಮೆಟ್ಟಿಲುಗಳನ್ನೂ ಆ ದೇಶ ಒಂದೇ ಆಯುಷ್ಯದಲ್ಲಿ ಹತ್ತಿಳಿದಿದೆ.

ಜಾಂಬಿಯಾ 1964ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಅದಕ್ಕೂ ಮುನ್ನವೇ, 1956ರಲ್ಲಿ, ಜಾಂಬೆಜಿ ನದಿಗೆ ಕರೀಬಾ ಅಣೆಕಟ್ಟು ಕಟ್ಟಲು ವಿಶ್ವಬ್ಯಾಂಕು 8 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ತಾಮ್ರದ ಗಣಿಗಳಿಗೆ ಅಗ್ಗದ ವಿದ್ಯುತ್ತು ಬೇಕಾಗಿತ್ತು. ನದಿಯ ಎರಡೂ ದಡಗಳಲ್ಲಿ ತಲೆತಲಾಂತರದಿಂದ ಬಾಳಿದ್ದ ಸುಮಾರು 57,000 ಟೋಂಗಾ ಜನರು ಮುಳುಗಡೆಯ ಸಂತ್ರಸ್ತರಾದರು. ನದಿದಡದ ಫಲವತ್ತಾದ ಮಣ್ಣು ಬಿಟ್ಟು ಒಣ ಗುಡ್ಡಗಳಿಗೆ ಹೋದ ಅವರ ಎಷ್ಟೋ ಹಳ್ಳಿಗಳಿಗೆ ಆ ಅಣೆಕಟ್ಟಿನ ವಿದ್ಯುತ್ತು ದಶಕಗಳ ಕಾಲ ತಲುಪಲೇ ಇಲ್ಲ. ಶರಾವತಿಯ ಹಿನ್ನೀರಿನ ಜನರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವತಂತ್ರ ಜಾಂಬಿಯಾದ ರಫ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಾಮ್ರವೇ ಆಗಿತ್ತು. 1970ರ ದಶಕದ ನಡುವಿನಲ್ಲಿ ತಾಮ್ರದ ಬೆಲೆ ಕುಸಿಯಿತು, ತೈಲದ ಬೆಲೆ ಏರಿತು. ಕುಸಿತ ತಾತ್ಕಾಲಿಕವೆಂದು ನಂಬಿದ ಸರ್ಕಾರ ಸಾಲ ಮಾಡಿತು. ಕೊಡುವವರೂ ಅದನ್ನೇ ನಂಬಿ ಕೊಟ್ಟರು. ಬೆಲೆ ಮೇಲೇಳಲಿಲ್ಲ. ಸಾಲ ತೀರಿಸಲು ಮತ್ತೆ ಸಾಲ ಬೇಕಾಯಿತು. ಆ ಸಾಲಕ್ಕೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಷರತ್ತುಗಳು ಅಂಟಿಕೊಂಡು ಬಂದವು. 1986ರ ಡಿಸೆಂಬರಿನಲ್ಲಿ ಜೋಳದ ಹಿಟ್ಟಿನ ಸಬ್ಸಿಡಿ ಕಡಿತವಾದಾಗ ತಾಮ್ರಗಣಿಯ ಪಟ್ಟಣಗಳಲ್ಲಿ ಗಲಭೆಗಳೆದ್ದು ಸಾವುಗಳಾದವು. ಮರುವರ್ಷ ಅಧ್ಯಕ್ಷ ಕೆನೆತ್ ಕೌಂಡಾ ನಿಧಿಯ ಕಾರ್ಯಕ್ರಮವನ್ನು ಕೈಬಿಟ್ಟು, ರಫ್ತಿನ ಗಳಿಕೆಯಲ್ಲಿ ಶೇ. 10ಕ್ಕಿಂತ ಹೆಚ್ಚನ್ನು ಸಾಲಕ್ಕೆ ಕಟ್ಟಲಾರೆವೆಂದು ಘೋಷಿಸಿದರು. ಹೊರಗಿನ ಹಣದ ಬಾಗಿಲುಗಳು ಮುಚ್ಚಿಕೊಂಡವು. ಆ ಧೈರ್ಯ ಹೆಚ್ಚು ಕಾಲ ಬಾಳಲಿಲ್ಲ. 1991ರಲ್ಲಿ ಸರ್ಕಾರ ಬದಲಾಯಿತು. 1997ರಿಂದ 2000ದೊಳಗೆ ಸರ್ಕಾರಿ ತಾಮ್ರ ಕಂಪನಿಯನ್ನು ತುಂಡು ತುಂಡಾಗಿ ಖಾಸಗಿಯವರಿಗೆ ಮಾರಲಾಯಿತು.

ಗಣಿಗಳು ಆಗ ನಷ್ಟದಲ್ಲಿದ್ದವು, ಯಂತ್ರಗಳು ಹಳತಾಗಿದ್ದವು ಎಂಬುದು ನಿಜ. ಆದರೆ ಸಾಲಗಾರರು ಬಾಗಿಲಲ್ಲಿ ನಿಂತಿರುವಾಗ ಮಾರುವವನಿಗೆ ಚೌಕಾಸಿಯ ಶಕ್ತಿ ಎಲ್ಲಿಂದ ಬರಬೇಕು? ಕೊಂಡ ಕಂಪನಿಗಳೊಡನೆ ಆದ ಒಪ್ಪಂದಗಳಲ್ಲಿ ಅದಿರಿನ ರಾಜಧನವನ್ನು ಶೇ. 0.6ಕ್ಕೆ ಇಳಿಸಲಾಯಿತು. ನೂರು ರೂಪಾಯಿಯ ತಾಮ್ರ ಹೊರಗೆ ಹೋದರೆ ನೆಲದ ಒಡೆಯರಿಗೆ ಸಿಗುವ ರಾಜಧನ ಅರುವತ್ತು ಪೈಸೆ! ಒಪ್ಪಂದಗಳ ವಿವರ ಬಹುಕಾಲ ಜನರಿಗೆ ತಿಳಿಯಲೇ ಇಲ್ಲ.

ಇದೇ ಹೊತ್ತಿನಲ್ಲಿ ಜಗತ್ತಿನಾದ್ಯಂತ ಸಾಲ ಮನ್ನಾದ ಕೂಗು ಎದ್ದಿತ್ತು. ವಿಶ್ವಬ್ಯಾಂಕು ಮತ್ತು ಹಣಕಾಸು ನಿಧಿಗಳು 1996ರಲ್ಲಿ ಅತಿ ಸಾಲಗ್ರಸ್ತ ಬಡ ರಾಷ್ಟ್ರಗಳಿಗಾಗಿ ಒಂದು ಯೋಜನೆ ತಂದವು. 'ಜುಬಿಲಿ 2000' ಚಳವಳಿಯಲ್ಲಿ ಶ್ರೀಮಂತ ದೇಶಗಳ ಸಾಮಾನ್ಯ ನಾಗರಿಕರೇ ಬೀದಿಗಿಳಿದರು. ಜಾಂಬಿಯಾ 2005ರ ಏಪ್ರಿಲಿನಲ್ಲಿ ಆ ಯೋಜನೆಯ ಕೊನೆಯ ಹಂತ ಮುಟ್ಟಿತು. ಅದೇ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಸೇರಿದ ಎಂಟು ಶ್ರೀಮಂತ ರಾಷ್ಟ್ರಗಳು ಬಹುರಾಷ್ಟ್ರೀಯ ಸಂಸ್ಥೆಗಳ ಸಾಲವನ್ನೂ ಮನ್ನಾ ಮಾಡಲು ಒಪ್ಪಿದವು. ಏಳುನೂರು ಕೋಟಿ ಡಾಲರಿನಷ್ಟಿದ್ದ ಜಾಂಬಿಯಾದ ವಿದೇಶಿ ಸಾಲ ಒಂದೆರಡು ವರ್ಷಗಳಲ್ಲಿ ನೂರು ಕೋಟಿಗಿಂತ ಕೆಳಗಿಳಿಯಿತು.

ಇದರ ಫಲವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. 2006ರ ಏಪ್ರಿಲಿನಿಂದ ಜಾಂಬಿಯಾದ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಶುಲ್ಕ ರದ್ದಾಯಿತು. ಸಾವಿರಾರು ಶಿಕ್ಷಕರ ನೇಮಕವಾಯಿತು. ಬಡ್ಡಿಗೆ ಹೋಗುತ್ತಿದ್ದ ಹಣ ಔಷಧಿಗೆ, ಸೀಮೆಸುಣ್ಣಕ್ಕೆ ಹೋಯಿತು. ಜ್ವರ ಬಂದ ಮಗುವನ್ನು ಎತ್ತಿಕೊಂಡು ದುಡ್ಡಿಲ್ಲದೆ ಮನೆಯಲ್ಲೇ ಕೂರುತ್ತಿದ್ದ ತಾಯಿಗೆ ಸಾಲ ಮನ್ನಾ ಎಂಬುದು ಅರ್ಥಶಾಸ್ತ್ರದ ಪದವಾಗಿರಲಿಲ್ಲ, ತೆರೆದ ಬಾಗಿಲಾಗಿತ್ತು. ಮನ್ನಾದ ಹಣವೆಲ್ಲ ಆಳುವವರ ಜೇಬಿಗೇ ಹೋಗುತ್ತದೆಂದು ಮೂಗು ಮುರಿಯುವವರು ಈ ಉದಾಹರಣೆಯನ್ನು ನೆನಪಿಡಬೇಕು.

ಆದರೆ ಮನ್ನಾದ ಸುತ್ತ ಹದ್ದುಗಳೂ ಹಾರಾಡುತ್ತಿದ್ದವು. ಜಾಂಬಿಯಾ 1979ರಲ್ಲಿ ಕೃಷಿ ಯಂತ್ರಗಳಿಗಾಗಿ ರೊಮೇನಿಯಾದಿಂದ ಸುಮಾರು 1.5 ಕೋಟಿ ಡಾಲರ್ ಸಾಲ ಪಡೆದಿತ್ತು. ಬಾಕಿ ಬಿದ್ದ ಆ ಸಾಲದ ಪತ್ರವನ್ನು 1999ರಲ್ಲಿ ಡೊನೆಗಾಲ್ ಇಂಟರ್‌ನ್ಯಾಷನಲ್ ಎಂಬ ಖಾಸಗಿ ಕಂಪನಿ ಸುಮಾರು 33 ಲಕ್ಷ ಡಾಲರಿಗೆ ಕೊಂಡು, 5.5 ಕೋಟಿ ಡಾಲರ್ ಕೇಳಿ ಲಂಡನ್ನಿನಲ್ಲಿ ದಾವೆ ಹೂಡಿತು. 2007ರಲ್ಲಿ ನ್ಯಾಯಾಲಯ ಕೇಳಿದಷ್ಟನ್ನು ಕೊಡಿಸಲಿಲ್ಲ, ಆದರೂ 1.5 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತವನ್ನು ಜಾಂಬಿಯಾ ತೆರಬೇಕಾಯಿತು. ಒಬ್ಬರು ಬಿಟ್ಟುಕೊಟ್ಟ ಹಣವನ್ನು ಇನ್ನೊಬ್ಬರು ಹೆಕ್ಕಿಕೊಂಡರು. ಇಂತಹ ದಾವೆಗಳಿಗೆ ಕಡಿವಾಣ ಹಾಕುವ ಕಾಯಿದೆಯನ್ನು ಬ್ರಿಟನ್ ತಂದದ್ದು 2010ರಲ್ಲಿ, ಕಳವಾದ ಮೇಲೆ ಕದ ಹಾಕಿದಂತೆ.

ಇದಕ್ಕಿಂತ ದೊಡ್ಡ ಸೋರಿಕೆ ಗಣಿಯ ಬಾಯಲ್ಲೇ ಇತ್ತು. ಸಾಲ ಮನ್ನಾ ಆದ ವರ್ಷಗಳಲ್ಲೇ ತಾಮ್ರದ ಬೆಲೆ ಗಗನಕ್ಕೇರಿತು. ರಾಜಧನ ಅರುವತ್ತು ಪೈಸೆಯ ಲೆಕ್ಕದಲ್ಲೇ ನಿಂತಿತ್ತು. ಕೊಂಕೋಲಾ ತಾಮ್ರದ ಗಣಿಗಳನ್ನು 2004ರಲ್ಲಿ ವೇದಾಂತ ಕಂಪನಿ ಪಡೆದುಕೊಂಡಿತ್ತು. ಹತ್ತು ವರ್ಷಗಳ ತರುವಾಯ, 2014ರಲ್ಲಿ, ಅದರ ಮುಖ್ಯಸ್ಥ ಅನಿಲ್ ಅಗರ್‌ವಾಲ್ ಬೆಂಗಳೂರಿನ ಒಂದು ವ್ಯಾಪಾರಿ ಸಮಾವೇಶದಲ್ಲಿ ಮಾತನಾಡುತ್ತ, 2.5 ಕೋಟಿ ಡಾಲರಿಗೆ ದಕ್ಕಿದ ಗಣಿ ವರ್ಷಕ್ಕೆ 50 ಕೋಟಿ ಡಾಲರಿನಷ್ಟು ಗಳಿಸಿಕೊಡುತ್ತಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಆ ಭಾಷಣದ ದೃಶ್ಯ ಜಾಂಬಿಯಾ ತಲುಪಿದಾಗ ಅಲ್ಲಿ ಕೋಲಾಹಲವೇ ಎದ್ದಿತು. ನಷ್ಟದ ಲೆಕ್ಕ ಕೇಳಿಯೇ ಅಭ್ಯಾಸವಾಗಿದ್ದ ಜನ ಲಾಭದ ಲೆಕ್ಕವನ್ನು ಬೆಂಗಳೂರಿನಿಂದ ಕೇಳಬೇಕಾಯಿತು!

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. 2008ರಲ್ಲಿ ಹಳೆಯ ಒಪ್ಪಂದಗಳನ್ನು ಬದಿಗಿಟ್ಟು ರಾಜಧನವನ್ನು ಶೇ. 3ಕ್ಕೆ ಏರಿಸಿತು, ಬೆಲೆ ಏರಿದಾಗ ಹೆಚ್ಚುವರಿ ಲಾಭದ ಮೇಲೆ ತೆರಿಗೆ ಹಾಕಿತು. ಕಂಪನಿಗಳು ಪ್ರತಿಭಟಿಸಿದವು, ಜಾಗತಿಕ ಹಣಕಾಸು ಬಿಕ್ಕಟ್ಟು ಬಂದಿತು, 2009ರಲ್ಲಿ ಆ ತೆರಿಗೆ ರದ್ದಾಯಿತು. ದರ ಕೇಳುವ ಹಕ್ಕು ಮತ್ತೆ ಕೈಜಾರಿತು.

ಮುಂದಿನದು ನಿರೀಕ್ಷಿತವೇ. ಸಾಲವಿಲ್ಲದ ದೇಶ ಎಂಬ ಬಿರುದು ಹೊತ್ತ ಜಾಂಬಿಯಾಕ್ಕೆ ಹೊಸ ಸಾಲಗಾರರು ಸಾಲುಗಟ್ಟಿ ನಿಂತರು. ಅಂತಾರಾಷ್ಟ್ರೀಯ ಪೇಟೆಯಲ್ಲಿ 2012ರಲ್ಲಿ 75 ಕೋಟಿ, 2014ರಲ್ಲಿ 100 ಕೋಟಿ, 2015ರಲ್ಲಿ 125 ಕೋಟಿ ಡಾಲರುಗಳ ಬಾಂಡುಗಳನ್ನು ಅದು ಮಾರಿತು. ಮೊದಲ ಬಾಂಡಿನ ಬಡ್ಡಿ ಶೇ. 5ರ ಆಸುಪಾಸಿನಲ್ಲಿತ್ತು, ಮೂರನೆಯದರ ಹೊತ್ತಿಗೆ ಶೇ. 9ರ ಹತ್ತಿರ ಬಂದಿತ್ತು. ಜೊತೆಗೆ ರಸ್ತೆ, ವಿಮಾನ ನಿಲ್ದಾಣ, ಜಲವಿದ್ಯುತ್ ಯೋಜನೆಗಳಿಗೆ ಚೀನಾದ ಸಾಲ. ಇದರಲ್ಲಿ ಆಳುವವರ ದುಂದುಗಾರಿಕೆಯ ಪಾಲು ದೊಡ್ಡದು, ಅದನ್ನು ಮುಚ್ಚಿಡಬೇಕಾಗಿಲ್ಲ. 2020ರ ನವೆಂಬರಿನಲ್ಲಿ 4.25 ಕೋಟಿ ಡಾಲರಿನ ಒಂದು ಬಡ್ಡಿ ಕಂತು ಕಟ್ಟಲಾಗದೆ, ಕೋವಿಡ್ ಕಾಲದಲ್ಲಿ ಸಾಲ ತಪ್ಪಿದ ಮೊದಲ ಆಫ್ರಿಕನ್ ರಾಷ್ಟ್ರ ಎನಿಸಿಕೊಂಡಿತು. ಮನ್ನಾ ಆಗಿ ಹದಿನೈದು ವರ್ಷಗಳಷ್ಟೇ ಕಳೆದಿದ್ದವು.

ಈ ಸಲದ ಪರಿಹಾರ ಮೊದಲಿನಷ್ಟು ಸರಳವಾಗಿರಲಿಲ್ಲ. ಸಾಲ ಕೊಟ್ಟವರಲ್ಲಿ ಸರ್ಕಾರಗಳಿದ್ದವು, ಚೀನಾದ ಬ್ಯಾಂಕುಗಳಿದ್ದವು, ಹೆಸರು ಮುಖವಿಲ್ಲದ ಹೂಡಿಕೆ ನಿಧಿಗಳಿದ್ದವು. ಮೊದಲು ಯಾರು ಬಿಟ್ಟುಕೊಡಬೇಕು ಎಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. 630 ಕೋಟಿ ಡಾಲರಿನ ಸರ್ಕಾರಿ ಸಾಲಗಳ ಮರುಹೊಂದಾಣಿಕೆಗೆ ಒಪ್ಪಿಗೆ ದೊರೆತದ್ದು 2023ರ ಜೂನಿನಲ್ಲಿ. ಬಾಂಡುದಾರರೊಡನೆ ವ್ಯವಹಾರ ಮುಗಿದದ್ದು 2024ರ ಜೂನಿನಲ್ಲಿ. ಅಷ್ಟರಲ್ಲಿ ಭೀಕರ ಬರ ಬಂದು ಸುಮಾರು ಹತ್ತು ಲಕ್ಷ ಹೆಕ್ಟೇರ್ ಜೋಳದ ಬೆಳೆ ಒಣಗಿಹೋಗಿತ್ತು. ಕರೀಬಾದ ನೀರು ತಳ ಕಂಡು ಊರುಗಳು ದಿನದ ಬಹುಪಾಲು ಕತ್ತಲಲ್ಲಿದ್ದವು. ಹವಾಮಾನವನ್ನು ಕೆಡಿಸಿದವರಲ್ಲಿ ಜಾಂಬಿಯಾದ ರೈತನ ಪಾಲೆಷ್ಟು? ಆ ಸಾಲವನ್ನು ಯಾರು ಯಾರಿಗೆ ಕಟ್ಟಬೇಕು? ಈ ಪ್ರಶ್ನೆಗೆ ಸಾಲಗಾರರ ಮೇಜಿನ ಮೇಲೆ ಜಾಗವಿರಲಿಲ್ಲ.

ಸಾಲ ತೀರಿಸಲು ಡಾಲರು ಬೇಕು. ಡಾಲರು ಬೇಕಾದರೆ ತಾಮ್ರ ಅಗೆಯಬೇಕು. ವಿದ್ಯುತ್ ವಾಹನಗಳ ಈ ಯುಗದಲ್ಲಿ ತಾಮ್ರದ ಹಸಿವು ಇನ್ನಷ್ಟು ಹೆಚ್ಚಿದೆ. 2030ರ ದಶಕದ ಆರಂಭದೊಳಗೆ ವರ್ಷಕ್ಕೆ 30 ಲಕ್ಷ ಟನ್ ತಾಮ್ರ ತೆಗೆಯುವ ಗುರಿಯನ್ನು ಜಾಂಬಿಯಾ ಸರ್ಕಾರ ಹಾಕಿಕೊಂಡಿದೆ. 2025ರ ಫೆಬ್ರವರಿ 18ರಂದು ತಾಮ್ರಗಣಿ ಪ್ರಾಂತದಲ್ಲಿ ಚೀನೀ ಒಡೆತನದ ಗಣಿಯೊಂದರ ತ್ಯಾಜ್ಯದ ಕಟ್ಟೆ ಒಡೆಯಿತು. ಆಮ್ಲಭರಿತ ತ್ಯಾಜ್ಯನೀರು ಹಳ್ಳದ ಮೂಲಕ ಕಫೂಯೆ ನದಿಗೆ ಸೇರಿತು. ಆಗ ಅಂದಾಜಿಸಿದ ಪ್ರಮಾಣವೇ ಐದು ಕೋಟಿ ಲೀಟರು. ಮೀನುಗಳು ಸತ್ತು ತೇಲಿದವು, ದಡದ ಬೆಳೆ ಸುಟ್ಟುಹೋಯಿತು, ಕಿಟ್ವೆ ನಗರದ ಕುಡಿಯುವ ನೀರಿನ ಪೂರೈಕೆ ನಿಂತಿತು. ದೇಶದ ಅರ್ಧಕ್ಕಿಂತ ಹೆಚ್ಚು ಜನರ ಬದುಕು ಕಫೂಯೆಯ ಜಲಾನಯನವನ್ನೇ ಆಶ್ರಯಿಸಿದೆ. ಸಾಲದ ಪತ್ರಕ್ಕೆ ಸಹಿ ಹಾಕದ, ಬಾಂಡಿನ ಹೆಸರು ಕೇಳದ ಮೀನುಗಾರನೂ ರೈತನೂ ಹೀಗೆ ಕಂತು ಕಟ್ಟುತ್ತಾರೆ. ಅವರ ರಸೀದಿ ಯಾವ ಲೆಕ್ಕದಲ್ಲೂ ಜಮೆಯಾಗುವುದಿಲ್ಲ.

ಹೊರಗಿನ ಸಾಲ ಬೆಟ್ಟದೊಳಕ್ಕೆ ಇಳಿಯುವ ಬಗೆ ಸಹ್ಯಾದ್ರಿಗೂ ಹೊಸತಲ್ಲ. ಕುದುರೆಮುಖದ ಗಣಿ ಆರಂಭವಾದದ್ದು 1975ರಲ್ಲಿ ಇರಾನಿನೊಡನೆ ಆದ ಒಪ್ಪಂದದ ಬಲದಿಂದ. 63 ಕೋಟಿ ಡಾಲರ್ ಸಾಲ ಇರಾನಿನದು. ಪ್ರತಿಯಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ, ಒಟ್ಟು 15 ಕೋಟಿ ಟನ್ ಅದಿರು ಅಲ್ಲಿಗೆ ಹೋಗಬೇಕು. 25.5 ಕೋಟಿ ಡಾಲರ್ ಬಂದಿತು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಹಣವೂ ನಿಂತಿತು, ಕೊಳ್ಳುವವರೂ ಇಲ್ಲವಾದರು. ಆದರೆ ಅಗೆತ ನಿಲ್ಲಲಿಲ್ಲ. ಹೂಡಿದ ಬಂಡವಾಳ ಹಿಂದೆ ಬರಬೇಕಲ್ಲ! ಭದ್ರೆಯ ತಲೆಯ ಮೇಲಿನ ಮಳೆಕಾಡಿನಲ್ಲಿ ಗಣಿ ಮುಂದುವರಿಯಿತು. ಹೂಳು ಹೊಳೆಗೆ ಇಳಿಯುತ್ತಲೇ ಇತ್ತು. ಜನಚಳವಳಿ ಮತ್ತು 2002ರ ಸುಪ್ರೀಂ ಕೋರ್ಟಿನ ಆದೇಶದ ಫಲವಾಗಿ 2005ರ ಕೊನೆಯ ದಿನ ಅದು ಮುಚ್ಚಿತು. ಜಾಂಬಿಯಾಕ್ಕೆ ಸಾಲ ಮನ್ನಾ ಆದ ವರ್ಷವೂ ಅದೇ. ಅಲ್ಲಿ ಸಾಲ ಹೋಗಿ ಗಣಿ ಉಳಿಯಿತು. ಇಲ್ಲಿ ಗಣಿಯೇ ಹೋಯಿತು. ಭಾರತದಂಥ ದೊಡ್ಡ ದೇಶಕ್ಕೆ ಒಂದು ಗಣಿಯನ್ನು ಬಿಟ್ಟುಕೊಡುವ ಶಕ್ತಿಯಿತ್ತು. ರಫ್ತೆಲ್ಲ ಒಂದೇ ಲೋಹದ ಮೇಲೆ ನಿಂತ ದೇಶಕ್ಕೆ ಆ ಶಕ್ತಿ ಎಲ್ಲಿದೆ?

ಕಾಡು ಉಳಿಸಿದರೆ ಸಾಲ ಬಿಡುತ್ತೇವೆ ಎಂಬ ಮಾರ್ಗವೂ ಒಂದುಂಟು. ಬೊಲಿವಿಯಾದ ಆರೂವರೆ ಲಕ್ಷ ಡಾಲರ್ ಸಾಲವನ್ನು 1987ರಲ್ಲಿ ಅಮೆರಿಕದ ಪರಿಸರ ಸಂಸ್ಥೆಯೊಂದು ಒಂದು ಲಕ್ಷಕ್ಕೆ ಕೊಂಡು, ಬೆನಿ ಪ್ರದೇಶದ ಕಾಡಿನ ರಕ್ಷಣೆಗೆ ಪ್ರತಿಯಾಗಿ ಬಿಟ್ಟುಕೊಟ್ಟಿತು. ಆ ಕಾಡಿನಲ್ಲಿ ಚಿಮಾನೆ ಮೊದಲಾದ ಮೂಲನಿವಾಸಿಗಳಿದ್ದರು. ಅವರ ನೆಲದ ಹಕ್ಕು ಒಪ್ಪಂದದಲ್ಲಿ ಇತ್ಯರ್ಥವಾಗಲಿಲ್ಲ, ಮರ ಕಡಿಯುವ ಕಂಪನಿಗಳೂ ಹೊರಡಲಿಲ್ಲ. 1990ರಲ್ಲಿ ಬೆನಿಯ ಬುಡಕಟ್ಟುಗಳ ಜನ ನೆಲ ಮತ್ತು ಘನತೆಗಾಗಿ ಲಾ ಪಾಜ್‌ಗೆ ಕಾಲ್ನಡಿಗೆಯಲ್ಲಿ ಹೊರಟರು. ಸರ್ಕಾರ ಹಕ್ಕನ್ನು ಮಾನ್ಯ ಮಾಡಿದ್ದು ಆ ಬಳಿಕ. ಸಾಲ ತೆಗೆದುಕೊಳ್ಳುವಾಗಲೂ ಕೇಳಲಿಲ್ಲ, ತೀರಿಸುವಾಗಲೂ ಕೇಳಲಿಲ್ಲ ಎಂಬುದೇ ಅವರ ಅಳಲು. 2023ರಲ್ಲಿ ಈಕ್ವೆಡಾರ್ 160 ಕೋಟಿ ಡಾಲರಿನ ಬಾಂಡುಗಳನ್ನು ಸುಮಾರು 64 ಕೋಟಿಗೆ ಹಿಂದೆ ಕೊಂಡು ಗಲಾಪಗೋಸ್ ದ್ವೀಪಗಳ ಕಡಲ ರಕ್ಷಣೆಗೆ ಹಣ ತೆಗೆದಿಡುವ ಒಪ್ಪಂದ ಮಾಡಿಕೊಂಡಿತು. ಇಂತಹ ಒಪ್ಪಂದಗಳು ಒಳ್ಳೆಯವೋ ಕೆಟ್ಟವೋ ಎಂಬುದು ಮೊತ್ತದಿಂದ ತೀರ್ಮಾನವಾಗದು. ಕಾಡಿನ, ಕಡಲಿನ ಜನ ಮಾತುಕತೆಯ ಚಾವಡಿಯಲ್ಲಿ ಕುಳಿತಿದ್ದರೇ ಎಂಬುದರಿಂದ ತೀರ್ಮಾನವಾಗುತ್ತದೆ.

ಹಾಗೆಂದು ವಿದೇಶಿ ನೆರವೆಲ್ಲ ವಿಷವೆಂದು ಸಾರುವುದು ಸುಲಭದ ಶೌರ್ಯ. ಎಚ್‌ಐವಿ ಸೋಂಕಿನಿಂದ ತತ್ತರಿಸಿದ ಜಾಂಬಿಯಾದಲ್ಲಿ ಲಕ್ಷಾಂತರ ಜನರನ್ನು ಬದುಕಿಸಿದ ಔಷಧಿಯ ಬಹುಪಾಲು ಅಮೆರಿಕದ ನೆರವಿನಿಂದಲೇ ಬಂತು. ದಾನದ ಔಷಧಿ ಕಳವಾಗಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ ಎಂಬ ಕಾರಣ ಕೊಟ್ಟು, ವರ್ಷಕ್ಕೆ 5 ಕೋಟಿ ಡಾಲರಿನ ನೆರವನ್ನು ನಿಲ್ಲಿಸುವುದಾಗಿ ಅಮೆರಿಕ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದೇ ವರ್ಷ ಜುಲೈ 1ಕ್ಕೆ ಅಮೆರಿಕದ ನೆರವಿನ ಸಂಸ್ಥೆಯೇ ಬಾಗಿಲು ಹಾಕಿತು. ಕದ್ದವರು ಬೇರೆ, ಔಷಧಿಯ ಹಾದಿ ನೋಡುವ ರೋಗಿಗಳು ಬೇರೆ. ಒಬ್ಬರ ಮರ್ಜಿಯಿಂದ ಬಂದದ್ದು ಒಬ್ಬರ ಮರ್ಜಿಯಿಂದ ಹೋಗುತ್ತದೆ; ದಾನದ ಮೇಲೆ ನಿಂತ ಆರೋಗ್ಯಕ್ಕೆ ಬುನಾದಿಯಿಲ್ಲ. ಅರುವತ್ತು ಪೈಸೆಯ ರಾಜಧನ ನ್ಯಾಯವಾದ ರಾಜಧನವಾಗಿದ್ದರೆ, ಆ ಔಷಧಿಯಲ್ಲಿ ಒಂದಷ್ಟನ್ನಾದರೂ ಜಾಂಬಿಯಾ ತನ್ನದೇ ತಾಮ್ರದ ಹಣದಿಂದ ಕೊಳ್ಳುತ್ತಿರಲಿಲ್ಲವೇ?

ಆದ್ದರಿಂದ ಬಡ ರಾಷ್ಟ್ರಗಳ ಸಾಲ ಮನ್ನಾ ಆಗಲೇಬೇಕು. ಅದು ಭಿಕ್ಷೆಯಲ್ಲ, ನ್ಯಾಯ. ಅದು ವರ್ಷಗಟ್ಟಲೆ ಎಳೆಯದೆ ಆಗಬೇಕು, ಖಾಸಗಿ ಸಾಲಗಾರರನ್ನೂ ಒಳಗೊಂಡು ಆಗಬೇಕು. ಆದರೆ ಮನ್ನಾ ಅಲ್ಲಿಗೇ ನಿಂತರೆ ಅದು ಹಳೆಯ ಕಡತವನ್ನು ಮುಚ್ಚಿ ಹೊಸ ಕಡತ ತೆರೆಯುವ ಶಾಸ್ತ್ರವಷ್ಟೇ. ಸಾಲದ ಪತ್ರಗಳು, ಗಣಿಯ ಒಪ್ಪಂದಗಳು ಸಂಸತ್ತಿನ ಮುಂದೆ, ಪತ್ರಿಕೆಗಳ ಮುಂದೆ, ನದಿದಡದ ಹಳ್ಳಿಗಳ ಮುಂದೆ ಅವರದೇ ಭಾಷೆಯಲ್ಲಿ ಬರಬೇಕು. ನೆಲದ ಸಂಪತ್ತಿಗೆ ದರ ಹೇಳುವ ಹಕ್ಕು ನೆಲದವರಿಗೆ ಮರಳಬೇಕು. ಹೊಳೆ ಕೆಟ್ಟರೆ ಅದರ ಬೆಲೆಯನ್ನು ಸಾಲದ ಲೆಕ್ಕದ ಇನ್ನೊಂದು ಬದಿಗೆ ಬರೆಯಬೇಕು. ಇವು ಅಸಾಧ್ಯದ ಮಾತುಗಳಲ್ಲ. ಕೊಂಕೋಲಾ ಗಣಿಯ ಮಾಲಿನ್ಯದಿಂದ ನೊಂದ ಚಿಂಗೋಲಾ ಪ್ರದೇಶದ ಹದಿನೆಂಟುನೂರಕ್ಕೂ ಹೆಚ್ಚು ಗ್ರಾಮಸ್ಥರು ಮಾತೃ ಕಂಪನಿಯ ಮೇಲೆ ಇಂಗ್ಲೆಂಡಿನಲ್ಲೇ ದಾವೆ ಹೂಡಬಹುದೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತದ್ದು, ಹಳ್ಳಿಯ ದನಿ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಸಾಕ್ಷಿ.

ಘಟ್ಟದ ಯಾವುದಾದರೊಂದು ತಿರುವಿನಲ್ಲಿ ವಿದೇಶಿ ನೆರವಿನ ಯೋಜನೆಯ ಫಲಕ ಎದ್ದುನಿಂತಾಗ ಅದರಲ್ಲಿ ಮೊತ್ತ ಇರುತ್ತದೆ, ಕೊಟ್ಟವರ ಲಾಂಛನ ಇರುತ್ತದೆ, ಉದ್ಘಾಟಿಸಿದವರ ಹೆಸರೂ ಇರುತ್ತದೆ. ಈ ಸಾಲ ತೀರುವುದು ಯಾವ ಬೆಟ್ಟದಿಂದ, ಯಾವ ಹೊಳೆಯಿಂದ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಆ ಸಾಲನ್ನು ಬರೆಸುವವರೆಗೆ ಗ್ರಾಮಸಭೆ ಕೈಯೆತ್ತಬೇಕಾಗಿಲ್ಲ.